ತಿಂದದ್ದು ಮೈಗೆ ಹತ್ತದ ಮಕ್ಕಳು

“ಉಣ್ತಾನ್ರೀ ಅಕ್ಕೋರ, ಉಂಡದ್ದು ಮೈಗ ಹತ್ತವಲ್ದು.”

ರಾಯಚೂರು ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಕೇಳಿದ ಮಾತಿದು. ತೊಲೆಗೆ ಕಟ್ಟಿದ ಹಗ್ಗದಿಂದ ಗಡಿಯಾರದಂಥ ದುಂಡನೆಯ ತಕ್ಕಡಿ ತೂಗುತ್ತಿತ್ತು. ತಾಯಿ ಮಗುವಿನ ಉಡದಾರ, ಕಾಲ್ಗಡಗ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ತೂಕ ಹಾಕಿದರೆ ನೆದರಾಗುತ್ತದೆ ಎಂದು ಅಜ್ಜಿ ಗೊಣಗಿದರು. ಹದಿನಾಲ್ಕು ತಿಂಗಳ ಗಂಡು ಮಗು ಚೀಲದಲ್ಲಿ ಕಾಲು ಇಳಿಬಿಟ್ಟು ಒಮ್ಮೆ ಅತ್ತು, ಮತ್ತೆ ಅಳುವ ತ್ರಾಣವಿಲ್ಲದಂತೆ ಸುಮ್ಮನಾಯಿತು. ಮುಳ್ಳು ಆರು ಕಿಲೋ ಎಂಟುನೂರು ಗ್ರಾಂಗೆ ನಿಂತಿತು. ಕಾರ್ಯಕರ್ತೆ ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕಿ ಇಟ್ಟರು. ಚುಕ್ಕಿ ಹಸಿರು ದಾಟಿ, ಹಳದಿ ದಾಟಿ, ಕಿತ್ತಳೆ ಪಟ್ಟಿಯೊಳಗೆ ಬಿತ್ತು. ಆ ವಯಸ್ಸಿನ ಗಂಡು ಮಗು ಹತ್ತು ಕಿಲೋ ಆಸುಪಾಸು ಇರಬೇಕು.

ಆ ತಾಯಿಯ ಮಾತಿನಲ್ಲಿ ಎಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಸರ್ಕಾರಗಳು ನಡೆಸಿಕೊಂಡು ಬಂದಿರುವ ಚರ್ಚೆಯೆಲ್ಲ ಅಡಗಿದೆ. ಮಗು ಸಾಕಷ್ಟು ಉಣ್ಣುತ್ತಿದೆಯೇ? ಉಂಡದ್ದರಲ್ಲಿ ಸತ್ವವಿದೆಯೇ? ಸತ್ವವಿದ್ದರೂ ಕರುಳು ಅದನ್ನು ಹೀರುತ್ತಿಲ್ಲವೇ? ಹುಟ್ಟುವಾಗಲೇ ಸೋತು ಬಂದ ಮೈಯೇ ಇದು? ಅಥವಾ ನಮ್ಮ ಅಳತೆಗೋಲೇ ತಪ್ಪೇ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಪಂಥವಿದೆ, ಒಂದೊಂದು ಪಂಥದಿಂದಲೂ ಒಂದೊಂದು ಯೋಜನೆ ಹುಟ್ಟಿದೆ.

ಅಂಕಿಗಳು ಹೇಳುವುದೇನು?

ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ಕುಂಠಿತ ಬೆಳವಣಿಗೆ, ಬಹುಕಾಲದ ಕೊರತೆಯ ಗುರುತು. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಕೃಶತೆ, ಈಚಿನ ಹಸಿವು ಅಥವಾ ಕಾಯಿಲೆಯ ಗುರುತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಂಠಿತರು, ಶೇ 19.5ರಷ್ಟು ಕೃಶರು. ಹಿಂದಿನ ಸಮೀಕ್ಷೆಯಲ್ಲಿ ಕುಂಠಿತರು ಶೇ 36.2 ಇದ್ದರು. ಅಂದರೆ ಸುಮಾರು ನಾಲ್ಕೈದು ವರ್ಷಗಳಲ್ಲಿ ಒಂದು ಅಂಶದಷ್ಟೂ ಇಳಿದಿಲ್ಲ. ಸಾಫ್ಟ್‌ವೇರ್ ರಫ್ತಿನಲ್ಲಿ ಮುಂದಿರುವ ರಾಜ್ಯ ಮಕ್ಕಳ ಎತ್ತರದಲ್ಲಿ ದೇಶದ ಸರಾಸರಿಯ ಹತ್ತಿರವೇ ನಿಂತಿದೆ. ರಾಜ್ಯದೊಳಗಿನ ಅಂತರ ಇನ್ನೂ ನೋವಿನದು: ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುಂಠಿತರು.

ಪ್ರೊಟೀನಿನ ಕಾಲದಿಂದ ಬಿಸಿಯೂಟದ ಕಾಲಕ್ಕೆ

ಹಳ್ಳಿಗಳಲ್ಲಿ ಇದಕ್ಕೆ ಬಾಲಗ್ರಹ ಎಂಬ ಹೆಸರಿತ್ತು, ತಾಯಿತ ಕಟ್ಟಿಸುತ್ತಿದ್ದರು. ವೈದ್ಯಶಾಸ್ತ್ರ 1930ರ ದಶಕದಲ್ಲಿ ಬೇರೆ ಹೆಸರಿಟ್ಟಿತು. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೊಲೆ ಬಿಟ್ಟ ಮಕ್ಕಳ ಮೈ ಬಾತುಕೊಳ್ಳುವ ‘ಕ್ವಾಶಿಯೋರ್ಕರ್’ ಎಂಬ ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಪ್ರೊಟೀನ್ ಕೊರತೆಯೇ ಕಾರಣ ಎಂಬ ತಿಳಿವಳಿಕೆ ಬಲಿತು, ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಮಕ್ಕಳಿಗೆಲ್ಲ ಪ್ರೊಟೀನ್ ಒದಗಿಸಿದರೆ ಮುಗಿಯಿತು ಎಂಬ ಉತ್ಸಾಹವಾಗಿ ಬೆಳೆಯಿತು.

ಆ ಉತ್ಸಾಹದ ಭಾರತೀಯ ಕೇಂದ್ರಗಳಲ್ಲಿ ನಮ್ಮ ಮೈಸೂರೂ ಒಂದು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟು, ಜೀವಸತ್ವ, ಸುಣ್ಣದಂಶ ಬೆರೆಸಿ ‘ವಿವಿಧೋದ್ದೇಶ ಆಹಾರ’ ತಯಾರಿಸಿತು. ಅಗ್ಗವಾಗಿ, ಇಲ್ಲಿನ ಬೆಳೆಯಿಂದಲೇ ಮಕ್ಕಳಿಗೆ ಸತ್ವ ಒದಗಿಸಬೇಕೆಂಬ ಆ ವಿಜ್ಞಾನಿಗಳ ಕಾಳಜಿ ದೊಡ್ಡದು. ಇಂದಿನ ಅಂಗನವಾಡಿಯ ಪುಷ್ಟಿ ಪೊಟ್ಟಣದ ಹಿರಿಯಜ್ಜ ಅದೇ.

ಆದರೆ ಸಿದ್ಧಾಂತ ಹೆಚ್ಚು ಕಾಲ ಬಾಳಲಿಲ್ಲ. ಒಂದೇ ಬಗೆಯ ಊಟ ಉಣ್ಣುವ ಮಕ್ಕಳಲ್ಲಿ ಕೆಲವರು ಬಾತುಕೊಳ್ಳುತ್ತಾರೆ, ಕೆಲವರು ಒಣಗುತ್ತಾರೆ ಎಂದು ಹೈದರಾಬಾದಿನ ಸಿ. ಗೋಪಾಲನ್ 1960ರ ದಶಕದಲ್ಲೇ ತೋರಿಸಿದರು. ಬಡ ಮಗುವಿಗೆ ಮೊದಲು ಬೇಕಾದದ್ದು ಹೊಟ್ಟೆ ತುಂಬ ಊಟ. ಹಸಿದ ಮೈ ಪ್ರೊಟೀನನ್ನೂ ಸೌದೆಯಂತೆ ಉರಿಸಿಬಿಡುತ್ತದೆ ಎಂಬುದು ಅವರ ವಾದ. 1974ರಲ್ಲಿ ಡೊನಾಲ್ಡ್ ಮ್ಯಾಕ್ಲಾರೆನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆ ಇಡೀ ಯುಗವನ್ನು ‘ಪ್ರೊಟೀನ್ ಮಹಾಪ್ರಮಾದ’ ಎಂದೇ ಕರೆದರು.

ಮರುವರ್ಷ, 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಟಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಇವೆ. ಶಾಲೆಯೂಟಕ್ಕೆ ಬೇರೆಯೇ ಚರಿತ್ರೆ: 1920ರ ಸುಮಾರಿಗೆ ಮದರಾಸು ನಗರಸಭೆ, ಆಮೇಲೆ ಕಾಮರಾಜ್, 1982ರಲ್ಲಿ ಎಂಜಿಆರ್. ರಾಜಸ್ಥಾನದಲ್ಲಿ ಜನ ಹಸಿದಿರುವಾಗ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ ಎಂದು ಪಿಯುಸಿಎಲ್ ಸಂಸ್ಥೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ ಹಾಕುವ ಮಾತೃಪೂರ್ಣ ಬಂದವು. ಈ ನಡುವೆ 2011ರ ಹೊತ್ತಿಗೆ ರಾಯಚೂರಿನ ಅಪೌಷ್ಟಿಕ ಮಕ್ಕಳ ಸಾವುಗಳು ಸುದ್ದಿಯಾದವು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿಯಾಯಿತು. ನ್ಯಾಯಾಲಯ ಕೇಳಿದ ಮೇಲೆಯೇ ಸರ್ಕಾರ ಎದ್ದು ಕೂತ ಸಂದರ್ಭ ಇದೊಂದೇ ಅಲ್ಲ.

ಊಟದ ಪಂಥ

ತಟ್ಟೆಯಲ್ಲಿ ಇಲ್ಲದ್ದು ಮೈಯಲ್ಲಿ ಎಲ್ಲಿಂದ ಬರಬೇಕು ಎಂಬುದು ಈ ಪಂಥದ ಸರಳ ಪ್ರಶ್ನೆ. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಭಾರತೀಯ ಮಕ್ಕಳಲ್ಲಿ ಕನಿಷ್ಠ ಮಟ್ಟದ ಆಹಾರ ಸಿಗುವುದು ಶೇ 11.3ರಷ್ಟು ಮಕ್ಕಳಿಗೆ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಈ ಅಂಕಿಯನ್ನು ಯಾವ ವಾದವೂ ಅಲ್ಲಗಳೆಯಲಾರದು. ಗೋಪಾಲನ್ ಕಾಲದಲ್ಲಿ ಪ್ರಶ್ನೆ ‘ಎಷ್ಟು’ ಎಂಬುದಾಗಿತ್ತು. ಪಡಿತರ ಅಕ್ಕಿ ಮನೆ ತಲುಪಿದ ಮೇಲೆ ಅದು ‘ಏನು’ ಎಂಬುದಾಗಿದೆ. ಅನ್ನ, ತಿಳಿಸಾರು ಹೊಟ್ಟೆ ತುಂಬಿಸುತ್ತವೆ. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಮೀನು ಎಷ್ಟು ಮನೆಗಳಲ್ಲಿ ಮಗುವಿನ ಬಾಯಿಗೆ ಬೀಳುತ್ತವೆ?

ಕರ್ನಾಟಕದಲ್ಲಿ ಈ ಪ್ರಶ್ನೆ ಮೊಟ್ಟೆಯ ಸುತ್ತ ಸಿಡಿಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದರು. ಪಂಕ್ತಿಭೇದವಾಗುತ್ತದೆ, ಎಲ್ಲರಿಗೂ ಬಾಳೆಹಣ್ಣನ್ನೇ ಕೊಡಿ ಎಂದರು. ಮೊಟ್ಟೆ ನಮ್ಮ ಮನೆಯ ಊಟ, ಅದನ್ನು ಕಿತ್ತುಕೊಳ್ಳಬೇಡಿ ಎಂದು ಮಕ್ಕಳೂ ಪೋಷಕರೂ ಕೇಳಿದರು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಏರ್ಪಾಟಿನೊಡನೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಬಡ ಮನೆಯ ಮಗು ತಿನ್ನಲು ಒಪ್ಪುವ, ಕಲಬೆರಕೆ ಮಾಡಲಾಗದ, ತಟ್ಟೆಗೆ ಬಿದ್ದಿತೋ ಇಲ್ಲವೋ ಎಂದು ಕಣ್ಣಿಗೇ ಕಾಣುವ ಆಹಾರ ಮೊಟ್ಟೆ. ಅದನ್ನು ತಡೆಯಲು ಯಾರಿಗೂ ಹಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಿದ್ದೂ ಮೊಟ್ಟೆಯಿಂದ ಮಕ್ಕಳು ಎತ್ತರವಾಗುತ್ತಾರೆಯೇ ಎಂಬ ಪ್ರಶ್ನೆಗೆ ವಿಜ್ಞಾನ ಒಂದೇ ಉತ್ತರ ಕೊಟ್ಟಿಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಆರರಿಂದ ಒಂಬತ್ತು ತಿಂಗಳಿನ ಶಿಶುಗಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕುಂಠಿತ ಬೆಳವಣಿಗೆ ಶೇ 47ರಷ್ಟು ತಗ್ಗಿತು. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಎರಡು ವರ್ಷದ ನಂತರ ಪ್ರಕಟವಾದ ಆಫ್ರಿಕದ ಮಲಾವಿಯ ಅಧ್ಯಯನದಲ್ಲಿ ಅದೇ ಬಗೆಯ ಮೊಟ್ಟೆಯಿಂದ ಎತ್ತರದಲ್ಲಿ ವ್ಯತ್ಯಾಸವಾಗಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು ಎಂಬುದು ಒಂದು ವಿವರಣೆ. ಕೊರತೆ ಇರುವಲ್ಲಿ ತುಂಬಿದರೆ ಫಲ, ಇಲ್ಲದಲ್ಲಿ ಇಲ್ಲ.

ಸಣ್ಣ ಮೈಯೇ ಸಹಜವೇ?

ಎರಡನೆಯ ಪಂಥ ಅಳತೆಯನ್ನೇ ಪ್ರಶ್ನಿಸುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ, ಮನುಷ್ಯನ ಮೈ ಸಿಕ್ಕ ಊಟಕ್ಕೆ ಒಂದು ಮಿತಿಯೊಳಗೆ ಹೊಂದಿಕೊಳ್ಳಬಲ್ಲದು ಎಂದರು. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್ 1980ರ ದಶಕದ ಆರಂಭದಲ್ಲಿ ಇನ್ನೂ ಮುಂದೆ ಹೋಗಿ, ತುಸು ಗಿಡ್ಡಗಿರುವ ಮಕ್ಕಳು ‘ಸಣ್ಣವರು, ಆದರೆ ಆರೋಗ್ಯವಂತರು’ ಎಂದುಬಿಟ್ಟರು. ಬಡವರ ಮಕ್ಕಳಿಗೆ ಒಂದು ಅಳತೆ, ಉಳ್ಳವರ ಮಕ್ಕಳಿಗೆ ಇನ್ನೊಂದೇ ಎಂದು ಗೋಪಾಲನ್ ತಿರುಗಿಬಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಉತ್ತರ ಕಂಡುಕೊಳ್ಳಲು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕಗಳಲ್ಲಿ ಚೆನ್ನಾಗಿ ಉಂಡು, ತಾಯಿಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆಯಿತು. ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳು ಓಸ್ಲೋದ ಮಕ್ಕಳ ಸರಿಸಮಕ್ಕೇ ಬೆಳೆದಿದ್ದರು. 2006ರಲ್ಲಿ ಹೊರಬಂದ ಆ ಮಾನದಂಡವೇ ಇಂದು ಅಂಗನವಾಡಿಯ ನಕ್ಷೆಯಲ್ಲಿರುವುದು. ಅಷ್ಟಕ್ಕೆ ಚರ್ಚೆ ನಿಲ್ಲಲಿಲ್ಲ. ಆಫ್ರಿಕದ ಅನೇಕ ದೇಶಗಳಲ್ಲಿ ಶಿಶುಮರಣ ನಮಗಿಂತ ಹೆಚ್ಚು, ಆದರೂ ಅಲ್ಲಿನ ಮಕ್ಕಳು ನಮ್ಮವರಿಗಿಂತ ಎತ್ತರ. ಹಾಗಾದರೆ ಅಳತೆಗೋಲಿನಲ್ಲೇ ದೋಷವಿರಬೇಕು, ವಂಶವಾಹಿಯ ಪಾತ್ರವಿರಬೇಕು ಎಂದು ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯ 2013ರಲ್ಲಿ ವಾದಿಸಿದರು. ಭಾರತಕ್ಕೆ ಅದರದೇ ಮಾನದಂಡ ಬೇಕೆಂಬ ಮಾತು ಈಚೆಗೆ ಮತ್ತೆ ಕೇಳಿಬರುತ್ತಿದೆ.

ಎತ್ತರದಲ್ಲಿ ವಂಶದ ಪಾಲಿದೆ, ನಿಜ. ಆದರೆ ಒಂದೇ ರಾಜ್ಯದ ದಕ್ಷಿಣದ ಮಕ್ಕಳಿಗೂ ಯಾದಗಿರಿಯ ಮಕ್ಕಳಿಗೂ ಇರುವ ಅಂತರವನ್ನು ವಂಶವಾಹಿ ವಿವರಿಸಲಾರದು. ಕಡ್ಡಿಯನ್ನು ಮೊಟಕು ಮಾಡಿದರೆ ಅಂಕಿ ಇಳಿಯುತ್ತದೆ, ಮಗು ಇದ್ದಷ್ಟೇ ಇರುತ್ತದೆ.

ಕರುಳಿನ ಪಂಥ

ಮೈಗೆ ಹತ್ತುತ್ತಿಲ್ಲ ಎಂಬ ತಾಯಿಯ ಮಾತನ್ನು ಅಕ್ಷರಶಃ ನಂಬುವವರು ಇವರು. ಬಯಲು ಶೌಚದ ನೆಲದಲ್ಲಿ ಅಂಬೆಗಾಲಿಡುವ ಮಗು ಮಣ್ಣು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಭೇದಿಯಾಗದಿದ್ದರೂ ರೋಗಾಣುಗಳ ಈ ನಿತ್ಯದ ಹೊರೆಗೆ ಕರುಳಿನ ಒಳಗೋಡೆಯ ನವಿರಾದ ಎಳೆಗಳು ಚಪ್ಪಟೆಯಾಗುತ್ತವೆ, ಸತ್ವ ಹೀರುವ ಶಕ್ತಿ ಕುಂದುತ್ತದೆ ಎಂಬ ಊಹೆಯನ್ನು ಜೀನ್ ಹಂಫ್ರಿ 2009ರಲ್ಲಿ ಮುಂದಿಟ್ಟರು. ಭಾರತದ ಮಕ್ಕಳ ಗಿಡ್ಡತನಕ್ಕೂ ಬಯಲು ಶೌಚಕ್ಕೂ ನಂಟು ಹಾಕಿ ಡೀನ್ ಸ್ಪಿಯರ್ಸ್ ಬರೆದರು. ಆಫ್ರಿಕ ಮತ್ತು ಭಾರತದ ಒಗಟು ಬಿಡಿಸಿದಂತಾಯಿತು ಎಂದು ಅನೇಕರಿಗೆ ಅನ್ನಿಸಿತು.

ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳ ದೊಡ್ಡ ಪ್ರಯೋಗಗಳ ಫಲಿತಾಂಶ 2018–19ರಲ್ಲಿ ಬಂತು. ಮನೆಗಳಿಗೆ ಶೌಚಾಲಯ, ಕೈತೊಳೆಯುವ ಏರ್ಪಾಟು, ಶುದ್ಧ ನೀರಿಗೆ ಕ್ಲೋರಿನ್ ಒದಗಿಸಿದರೂ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟ ಗುಂಪುಗಳಲ್ಲಿ ಮಾತ್ರ ತುಸು ಏರಿತು. ಸಿದ್ಧಾಂತವೇ ಸುಳ್ಳೆಂದು ಕೆಲವರು, ಮನೆಗೊಂದು ಗುಂಡಿ ತೋಡಿದರೆ ಸಾಲದು, ಊರಿಗೆ ಊರೇ ಸ್ವಚ್ಛವಾಗಬೇಕೆಂದು ಕೆಲವರು. ಎರಡನೆಯ ಮಾತಿಗೆ ನನ್ನ ಒಲವು. ಪಕ್ಕದ ಮನೆಯ ಚರಂಡಿ ನಮ್ಮ ಅಂಗಳಕ್ಕೆ ಹರಿಯುವಾಗ ನಮ್ಮೊಬ್ಬರ ಸಾಬೂನು ಏನು ಮಾಡೀತು?

ತಾಯಿಯ ಪಂಥ

1996ರಲ್ಲಿ ವುಲಿಮಿರಿ ರಾಮಲಿಂಗಸ್ವಾಮಿ ಇಬ್ಬರು ಸಹಲೇಖಕರೊಡನೆ ಯುನಿಸೆಫ್‌ಗಾಗಿ ‘ಏಷ್ಯಾದ ಒಗಟು’ ಎಂಬ ಲೇಖನ ಬರೆದರು. ದಕ್ಷಿಣ ಏಷ್ಯಾದ ಮಗು ಹುಟ್ಟುವಾಗಲೇ ಸೋತಿರುತ್ತದೆ, ಏಕೆಂದರೆ ಅದರ ತಾಯಿ ಸೋತಿದ್ದಾಳೆ ಎಂಬುದು ಅದರ ಸಾರ. ಇಷ್ಟು ವರ್ಷಗಳ ಸಾಹಿತ್ಯದಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ವಿವರಣೆ ಇದು. ಗರ್ಭ ಧರಿಸುವ ಹೊತ್ತಿಗೆ ಭಾರತದ ಮಹಿಳೆಯರಲ್ಲಿ ಶೇ 42ರಷ್ಟು ಮಂದಿ ಕಡಿಮೆ ತೂಕದವರು ಎಂದು 2015ರಲ್ಲಿ ಡಯಾನ್ ಕಾಫಿ ಅಂದಾಜಿಸಿದರು. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿ ಅದು ಶೇ 16.5. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದೆ. ಹೊಸ ಸೊಸೆ ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವುದು ಅಂಕಿಅಂಶದಲ್ಲಿ ಬರುವುದಿಲ್ಲ, ಕೂಸಿನ ತೂಕದಲ್ಲಿ ಬರುತ್ತದೆ.

ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ಇನ್ನೊಂದು ಎಳೆ ಜೋಡಿಸಿದರು: ಚೊಚ್ಚಲ ಗಂಡು ಮಕ್ಕಳು ಆಫ್ರಿಕದ ಮಕ್ಕಳಿಗಿಂತ ಗಿಡ್ಡರಲ್ಲ, ಆಮೇಲೆ ಹುಟ್ಟಿದವರು ಗಿಡ್ಡರಾಗುತ್ತಾ ಹೋಗುತ್ತಾರೆ. ಮೇಲ್ಜಾತಿಯ ಮಕ್ಕಳಿಗೂ ದಲಿತ, ಆದಿವಾಸಿ ಮಕ್ಕಳಿಗೂ ಇರುವ ದೊಡ್ಡ ಅಂತರವನ್ನು ಅಶ್ವಿನಿ ದೇಶಪಾಂಡೆ ಮತ್ತು ರಾಜೇಶ್ ರಾಮಚಂದ್ರನ್ ಎತ್ತಿ ತೋರಿಸಿ, ಅಸ್ಪೃಶ್ಯತೆಯ ಆಚರಣೆಯೊಂದಿಗೆ ಅದನ್ನು ಜೋಡಿಸಿದರು. ಕೇರಿಯ ಮಗುವಿಗೆ ಸೇವೆ ಕೊನೆಗೆ ತಲುಪುತ್ತದೆ ಅಥವಾ ತಲುಪುವುದೇ ಇಲ್ಲ ಎಂಬುದು ಹಳ್ಳಿಯಲ್ಲಿ ಕಣ್ಣು ಬಿಟ್ಟು ನಡೆದವರಿಗೆಲ್ಲ ಗೊತ್ತು.

ಪೊಟ್ಟಣವೋ, ಒಲೆಯೋ?

ತೀರಾ ಕೃಶವಾದ ಮಗುವಿಗೆ ಏನು ಕೊಡಬೇಕೆಂಬ ಜಗಳ ಬೇರೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪಾಯ. ಶೇಂಗಾ, ಹಾಲಿನಪುಡಿ, ಸಕ್ಕರೆ, ಎಣ್ಣೆ, ಖನಿಜಗಳ ಸಿದ್ಧ ಪೇಸ್ಟ್ ಆಫ್ರಿಕದಲ್ಲಿ ಅಸಂಖ್ಯ ಜೀವ ಉಳಿಸಿದೆ. ಯುನಿಸೆಫ್ ತರಿಸಿದ್ದ ಪೇಸ್ಟನ್ನು 2009ರಲ್ಲಿ ಭಾರತ ಸರ್ಕಾರ ನಿಲ್ಲಿಸಿತು. ಮಗುವಿನ ಹಸಿವು ಕಂಪನಿಗಳ ಮಾರುಕಟ್ಟೆಯಾಗುತ್ತದೆ ಎಂಬ ಭಯ ಸುಳ್ಳಲ್ಲ. ನಮ್ಮಲ್ಲೇ ನಡೆದ ಒಂದು ಹೋಲಿಕೆಯಲ್ಲಿ ಸ್ಥಳೀಯವಾಗಿ ತಯಾರಿಸಿದ ಪೇಸ್ಟ್ ಮನೆಯೂಟಕ್ಕಿಂತ ಮೇಲಾಯಿತು, ಕೊಡುವುದು ನಿಂತ ಮೇಲೆ ಆ ಲಾಭ ಕರಗಿತು. ಪೌಷ್ಟಿಕ ಪುನಶ್ಚೇತನ ಕೇಂದ್ರದ ಹದಿನಾಲ್ಕು ದಿನಗಳ ಕಥೆಯೂ ಹೀಗೆಯೇ. ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ಬಿಟ್ಟು ತಾಯಿ ಅಲ್ಲಿರಬೇಕು; ಮಗು ಚೇತರಿಸಿಕೊಂಡು ಹೋಗುವುದು ಅದೇ ಮನೆಗೆ.

ಕಣ್ಣಿಗೆ ಬೀಳದ ಮಗು

ಈ ಪಂಥಗಳೆಲ್ಲ ಒಪ್ಪುವ ಒಂದು ಸಂಗತಿಯಿದೆ. ಎತ್ತರದ ನಷ್ಟ ಬಹುಪಾಲು ಗರ್ಭದಿಂದ ಎರಡು ವರ್ಷದೊಳಗಿನ ಸಾವಿರ ದಿನಗಳಲ್ಲಿ ಆಗಿಹೋಗುತ್ತದೆ. ನಮ್ಮ ಬಿಸಿಯೂಟ, ಹಾಲು, ಮೊಟ್ಟೆಗಳೋ ಮುಖ್ಯವಾಗಿ ಮೂರು ದಾಟಿ ಅಂಗನವಾಡಿಗೆ, ಶಾಲೆಗೆ ನಡೆದು ಬರಬಲ್ಲ ಮಕ್ಕಳಿಗೆ. ಮೂರರೊಳಗಿನವರಿಗೆ ಸಿಗುವುದು ಮನೆಗೊಯ್ಯುವ ಪೊಟ್ಟಣ. ಅದನ್ನು ಕಲಸಿದರೆ ಮನೆಮಂದಿಗೆಲ್ಲ ಒಂದೊಂದು ಉಂಡೆ. ಎಲ್ಲರೂ ಹಸಿದಿರುವ ಮನೆಯಲ್ಲಿ ಅದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬಾರದು.

ಒಂದು ವರ್ಷದ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ, ರಮಿಸಿ ಉಣಿಸಬೇಕು. ತಾಯಿ ಬೆಳಗ್ಗೆ ಹತ್ತಿ ಬಿಡಿಸಲು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಕೂಸು ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಆ ಅಕ್ಕನಿಗೆ ಶಾಲೆಯಿಲ್ಲ. ಮಳೆ ಕೈಕೊಟ್ಟ ವರ್ಷ ಇಡೀ ಮನೆ ಗುಳೆ ಹೋಗುತ್ತದೆ. ಬೆಂಗಳೂರಿನ ಕಟ್ಟಡದ ಮರಳುಗುಡ್ಡೆಯ ಪಕ್ಕದಲ್ಲಿ ಆಡುವ ಆ ಮಗು ಯಾವ ಅಂಗನವಾಡಿಯ ಪುಸ್ತಕದಲ್ಲೂ ಇರುವುದಿಲ್ಲ.

ಕಟ್ಟಡ ಕೂಲಿಗಳ ಮಕ್ಕಳಿಗಾಗಿ ಮೀರಾ ಮಹದೇವನ್ ದೆಹಲಿಯಲ್ಲಿ ‘ಮೊಬೈಲ್ ಕ್ರೆಚಸ್’ ತೆರೆದದ್ದು 1969ರಲ್ಲಿ. ಛತ್ತೀಸಗಢದ ‘ಫುಲ್ವಾರಿ’ಗಳು ಅದೇ ಜಾಡಿನವು. ಕರ್ನಾಟಕ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಉದ್ಯೋಗ ಖಾತರಿಯ ಕೂಲಿ ಮಹಿಳೆಯರ ಮೂರು ವರ್ಷದೊಳಗಿನ ಮಕ್ಕಳಿಗೆ ಹಗಲಿನ ಆಸರೆ. ಊಟ, ಸ್ವಚ್ಛತೆ, ತಾಯಿಯ ದುಡಿಮೆ ಮೂರನ್ನೂ ಒಂದೇ ಸೂರಿನಡಿ ತರುವ ಯೋಜನೆ ಅದು. ನೋಡಿಕೊಳ್ಳುವವರಿಗೆ ಸರಿಯಾದ ಸಂಬಳ ಕೊಟ್ಟು, ಕೊಯ್ಲಿನ ದಿನಗಳಲ್ಲೂ ಬಾಗಿಲು ತೆರೆದಿಟ್ಟರೆ ಇಷ್ಟು ವರ್ಷಗಳಲ್ಲಿ ನಾವು ಇಟ್ಟ ಅತಿ ಸರಿಯಾದ ಹೆಜ್ಜೆ ಅದೇ ಆದೀತು.

ಇನ್ನೂ ಇತ್ಯರ್ಥವಾಗದ್ದು

ರಕ್ತಹೀನತೆಯ ಲೆಕ್ಕ ಮೊದಲನೆಯದು. ಕಬ್ಬಿಣಾಂಶದ ಸಿರಪ್ ಕೊಟ್ಟರೂ ಕರ್ನಾಟಕದ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿದೆ ಎನ್ನುತ್ತದೆ ಕುಟುಂಬ ಆರೋಗ್ಯ ಸಮೀಕ್ಷೆ. ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ ತಪ್ಪಬಹುದು, ಗಡಿಯಂಕಿಯೇ ನಮಗೆ ಎತ್ತರವಾಗಿರಬಹುದು ಎನ್ನುವವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಪ್ರಮುಖರು. ರಕ್ತನಾಳದಿಂದ ರಕ್ತ ತೆಗೆದು ನಡೆಸಿದ 2016–18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ರಕ್ತಹೀನತೆ ಶೇ 41ರ ಸುಮಾರಿಗಿತ್ತು. ಅಷ್ಟು ಅಂತರವಿರುವಾಗ ಔಷಧಿಯ ಪ್ರಮಾಣ ನಿರ್ಧರಿಸುವುದು ಯಾವ ಅಂಕಿಯ ಮೇಲೆ?

ಇನ್ನೊಂದು, ಹುಟ್ಟುವಾಗ ಸಣ್ಣಗಿದ್ದ ಮಗುವನ್ನು ಎಷ್ಟು ಬೇಗ ದಪ್ಪ ಮಾಡಬೇಕೆಂಬುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿಟ್ಟಿದ್ದ ಹೆರಿಗೆ ದಾಖಲೆಗಳನ್ನು ಹಿಡಿದು ಸಂಶೋಧಕರು ಆ ಮಕ್ಕಳನ್ನು ವಯಸ್ಸಾದ ಮೇಲೆ ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ಗರ್ಭದಲ್ಲಿ ಕೊರತೆ ಉಂಡ ಮೈಗೆ ಮುಂದೆ ಬರೀ ಅನ್ನ, ಸಕ್ಕರೆ ತುಂಬಿದರೆ ಮಧುಮೇಹಕ್ಕೆ ದಾರಿಯೇ ಎಂಬ ಆತಂಕ ಇನ್ನೂ ತೀರಿಲ್ಲ. ಎರಡು ವರ್ಷದ ನಂತರ ಕಳೆದುಕೊಂಡ ಎತ್ತರ ಎಷ್ಟು ಮರಳೀತು, ಎತ್ತರ ಮರಳಿದರೆ ಕಲಿಕೆಯೂ ಮರಳೀತೇ ಎಂಬುದರಲ್ಲೂ ಒಮ್ಮತವಿಲ್ಲ. ಊರೆಲ್ಲ ಸ್ವಚ್ಛವಾದರೆ ಕರುಳು ಚೇತರಿಸಿಕೊಳ್ಳುತ್ತದೆಯೇ ಎಂದು ಖಚಿತವಾಗಿ ತೋರಿಸಿದ ಪ್ರಯೋಗವಿನ್ನೂ ನಡೆದಿಲ್ಲ.

ಈ ಪ್ರಶ್ನೆಗಳು ಬಗೆಹರಿಯಲು ವರ್ಷಗಳು ಬೇಕು. ಅಂದು ತಕ್ಕಡಿಯ ಚೀಲದಲ್ಲಿ ಕಾಲು ಇಳಿಬಿಟ್ಟಿದ್ದ ಆ ಕೂಸಿಗೆ ತಾಯಿ ಮತ್ತೆ ಉಡದಾರ ಕಟ್ಟಿದಳು, ಕಾರ್ಯಕರ್ತೆ ಕೊಟ್ಟ ಎರಡು ಪೊಟ್ಟಣಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಲದ ದಾರಿ ಹಿಡಿದಳು. ಒಳಗೆ ಮೂರು ದಾಟಿದ ಮಕ್ಕಳಿಗೆ ತಟ್ಟೆ ಹಾಕುತ್ತಿದ್ದರು. ಆ ಸಾಲಿನಲ್ಲಿ ಕೂರಲು ಅದಕ್ಕಿನ್ನೂ ಇಪ್ಪತ್ತೆರಡು ತಿಂಗಳು ಬಾಕಿಯಿತ್ತು.